ಕಾರ್ಡಿಯೋನಾ, ವೇಟ್ಸಾ, ಎರಡೂ ಸೇರಿಸಿಯಾ? ಆರಿಸಿಕೊಳ್ಳುವ ಮೊದಲು ಒಂದಿಷ್ಟು ಲೆಕ್ಕ

ಮೂರು ವರ್ಷದ ಹಿಂದೆ ಐದು ತಿಂಗಳಲ್ಲಿ ಏಳು ಕೆಜಿ ಇಳಿದಿದ್ದೆ. ದಿನಾ ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತ ಓಟ, ರಾತ್ರಿ ಅನ್ನ ಬಂದ್, ಎರಡು ಚಪಾತಿ ಅಷ್ಟೇ. ಕಂಡವರೆಲ್ಲ "ಎಷ್ಟು ಸಣ್ಣ ಆಗಿದ್ದೀರಾ" ಅನ್ನುತ್ತಿದ್ದರು. ಕೆಲವರು "ಷುಗರ್ ಏನಾದರೂ ಬಂತಾ" ಅಂತಾನೂ ಕೇಳಿದರು. ದಸರಾಗೆ ಚೂಡಿದಾರ್ ಹೊಲಿಸಲು ಹೋದೆ. ಟೈಲರ್ ಟೇಪ್ ಹಿಡಿದು, ತಮ್ಮ ಹಳೇ ಪುಸ್ತಕದಲ್ಲಿದ್ದ ನನ್ನ ಅಳತೆ ಜೊತೆ ತಾಳೆ ನೋಡಿದರು. "ಮೇಡಂ, ತೋಳು ಒಂದಿಂಚು ಕಮ್ಮಿ ಆಗಿದೆ, ಭುಜಾನೂ ಇಳಿದಿದೆ. ಸೊಂಟ ಹೆಚ್ಚೂಕಮ್ಮಿ ಅದೇ." ಮನೆಗೆ ಬಂದು ಲಂಗದ ಲಾಡಿ ನೋಡಿದೆ. ಗಂಟು ಹಳೇ ಜಾಗದಿಂದ ಒಂದು ಬೆರಳಷ್ಟು ಸರಿದಿತ್ತು, ಅಷ್ಟೇ. ಹಾಗಾದರೆ ಏಳು ಕೆಜಿ ಹೋಗಿದ್ದು ಎಲ್ಲಿಂದ?

ಉತ್ತರ ಆ ವಾರವೇ ಸಿಕ್ಕಿತು. ಬಾಗಿಲಲ್ಲಿ ಇಳಿಸಿ ಹೋದ ಗ್ಯಾಸ್ ಸಿಲಿಂಡರನ್ನು ಅಡುಗೆಮನೆ ಹೊಸ್ತಿಲು ದಾಟಿಸಲು ಆಗಲಿಲ್ಲ. ಹಿಂದಿನ ವರ್ಷ ನಾನೇ ಎತ್ತಿ ಇಡುತ್ತಿದ್ದೆ. ತುಂಬಿದ ಸಿಲಿಂಡರ್ ಮೂವತ್ತು ಕೆಜಿ ಹತ್ತಿರ ತೂಗುತ್ತದೆ. ಅದರಲ್ಲಿ ಗ್ಯಾಸ್ 14.2 ಕೆಜಿ, ಮಿಕ್ಕಿದ್ದೆಲ್ಲ ಕಬ್ಬಿಣ. ಕಬ್ಬಿಣ ಎಷ್ಟು ಅಂತ ಸಿಲಿಂಡರ್ ಮೇಲೇ ಬರೆದಿರುತ್ತಾರೆ. ನಮ್ಮ ಮೈ ಮೇಲೆ ಹಾಗೆ ಬರೆದಿಲ್ಲ, ಅದೇ ತೊಂದರೆ. ತೂಕದ ಮಷೀನು ಒಟ್ಟು ತೂಕ ಹೇಳುತ್ತದೆ. ಅದರಲ್ಲಿ ಕೊಬ್ಬು ಎಷ್ಟು, ಸ್ನಾಯು ಎಷ್ಟು, ನೀರು ಎಷ್ಟು ಅಂತ ಹೇಳುವುದಿಲ್ಲ. ಬಾಡಿ ಕಾಂಪೊಸಿಷನ್ ಅಂತ ಜಿಮ್‌ನವರು ಹೇಳುವುದು ಈ ಪಾಲನ್ನೇ. ನಾನು ಗ್ಯಾಸ್ ಜೊತೆ ಕಬ್ಬಿಣಾನೂ, ಅಂದರೆ ಕೊಬ್ಬಿನ ಜೊತೆ ಸ್ನಾಯುವನ್ನೂ ಕಳೆದುಕೊಂಡಿದ್ದೆ.

ನಮ್ಮ ಕಡೆಯವರಿಗೆ ಈ ಪಾಲಿನ ಲೆಕ್ಕ ಇನ್ನೂ ಮುಖ್ಯ. 2004ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಇಬ್ಬರು ಡಾಕ್ಟರುಗಳು ಪಕ್ಕಪಕ್ಕ ನಿಂತ ಫೋಟೋ ಬಂದಿತ್ತು. ಒಬ್ಬರು ಪುಣೆಯ ಯಾಜ್ಞಿಕ್, ಇನ್ನೊಬ್ಬರು ಲಂಡನ್ನಿನ ಯುಡ್ಕಿನ್. ಇಬ್ಬರ ಬಿಎಂಐ (ಎತ್ತರಕ್ಕೆ ತಕ್ಕಂತೆ ತೂಕ ಎಷ್ಟು ಅನ್ನುವ ಅಳತೆ) ಕೂಡ 22.3, ಚಾರ್ಟ್ ಪ್ರಕಾರ ಇಬ್ಬರೂ ಸರಿಯಾಗಿಯೇ ಇದ್ದರು. ಆದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇಕಡಾ 9.1, ಯಾಜ್ಞಿಕ್ ಮೈಯಲ್ಲಿ ಶೇಕಡಾ 21.2. ನೋಡಲು ತೆಳ್ಳಗೆ, ಒಳಗೆ ಕೊಬ್ಬು. ಅದಕ್ಕೇ ನಮಗೆ ಬಿಎಂಐ 23 ದಾಟಿದರೆ ಜಾಸ್ತಿ ತೂಕ ಅಂತ ಲೆಕ್ಕ, ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು ಅನ್ನುತ್ತಾರೆ. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ ಅನ್ನುವ ಮೈಕಟ್ಟು ನಮ್ಮಲ್ಲಿ ಎಷ್ಟು ಮನೆಯಲ್ಲಿಲ್ಲ ಹೇಳಿ. ಅಂಥವರು ಬರೀ ತೂಕ ಇಳಿಸಲು ಹೊರಟರೆ ನನ್ನ ಕತೆಯೇ ಆಗುತ್ತದೆ.

ಈಗ ನನ್ನ ಹತ್ತಿರ ಕೇಳುವವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ. ಓಡಬೇಕಾ, ಭಾರ ಎತ್ತಬೇಕಾ, ಎರಡೂ ಮಾಡುವುದಾದರೆ ಯಾವುದು ಮೊದಲು, ಯಾವ ದಿನ? ಒಂದೊಂದಾಗಿ ನೋಡೋಣ.

ಯಾವುದರಿಂದ ಅಳೆಯುವುದು

ನಾನು ಐದು ಪ್ರಶ್ನೆ ಇಟ್ಟುಕೊಂಡಿದ್ದೇನೆ. ಕೊಬ್ಬು ಇಳಿಯುತ್ತದಾ. ಸ್ನಾಯು ಉಳಿಯುತ್ತದಾ, ಸಾಧ್ಯವಾದರೆ ಬೆಳೆಯುತ್ತದಾ. ವಾರಕ್ಕೆ ಎಷ್ಟು ಗಂಟೆ ಬೇಕು. ತಿಂಗಳಿಗೆ ಎಷ್ಟು ದುಡ್ಡು, ಮಂಡಿ ಸೊಂಟಕ್ಕೆ ಎಷ್ಟು ಪೆಟ್ಟು. ಐದನೆಯದು ಯಾರೂ ಕೇಳುವುದಿಲ್ಲ, ನನಗೆ ಅದೇ ಮುಖ್ಯ: ಒಂದು ದಿನ ತಪ್ಪಿದರೆ ಏನು ಉಳಿಯುತ್ತದೆ?

ಯಾಕೆ ಅಂದರೆ ತಪ್ಪೇ ತಪ್ಪುತ್ತದೆ. ಮಗುವಿಗೆ ಜ್ವರ ಬರುತ್ತದೆ, ಊರಲ್ಲಿ ಗೃಹಪ್ರವೇಶ ಇರುತ್ತದೆ, ಆಫೀಸಿನಲ್ಲಿ ಮಾರ್ಚ್ ತಿಂಗಳು ಬರುತ್ತದೆ. ಆರು ದಿನದ ಪ್ಲಾನು ಕಾಗದದ ಮೇಲೆ ಚೆನ್ನಾಗಿಯೇ ಕಾಣುತ್ತದೆ. ಆದರೆ ಅದನ್ನು ಮೂರು ದಿನ ಮಾಡಿದರೆ ಕೈಯಲ್ಲಿ ಉಳಿಯುವುದು ಏನು ಅಂತ ನೋಡಬೇಕು. ಕೆಲವು ಪ್ಲಾನು ಅರ್ಧ ಮಾಡಿದರೆ ಅರ್ಧ ಫಲ ಕೊಡುತ್ತವೆ. ಕೆಲವು ಅರ್ಧ ಮಾಡಿದರೆ ಏನೂ ಕೊಡುವುದಿಲ್ಲ.

ಬರೀ ಕಾರ್ಡಿಯೋ

ಓಟ, ಸೈಕಲ್, ಈಜು, ಬಿರುಸಾದ ನಡಿಗೆ. ಒಳ್ಳೆಯದೇ. ಹೃದಯಕ್ಕೆ, ಬಿಪಿಗೆ, ಷುಗರಿಗೆ, ನಿದ್ದೆಗೆ, ತಲೆಗೆ ಇದರಷ್ಟು ಅಗ್ಗದ ಔಷಧಿ ಇಲ್ಲ. ಖರ್ಚು ಒಂದು ಜೊತೆ ಶೂ. ಕೊಬ್ಬೂ ಇಳಿಯುತ್ತದೆ.

ಆದರೆ ನಾವು ಅಂದುಕೊಂಡಷ್ಟಲ್ಲ. ಓಟದ ಅಂದಾಜು ಲೆಕ್ಕ ಸುಲಭ: ಒಂದು ಕಿಲೋಮೀಟರಿಗೆ, ಮೈತೂಕದ ಒಂದು ಕೆಜಿಗೆ ಒಂದು ಕ್ಯಾಲೊರಿ. 65 ಕೆಜಿ ಇರುವವರು ಐದು ಕಿಲೋಮೀಟರ್ ಓಡಿದರೆ 325 ಕ್ಯಾಲೊರಿ. ಒಂದು ಕೆಜಿ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇದೆ. ಭಾಗಿಸಿ ನೋಡಿ, ಇಪ್ಪತ್ತಕ್ಕೂ ಜಾಸ್ತಿ ಸಲ ಓಡಬೇಕು, ಅದೂ ಓಡಿ ಬಂದ ಹಸಿವಿಗೆ ಒಂದು ತುತ್ತೂ ಜಾಸ್ತಿ ತಿನ್ನದೆ. ಭಾನುವಾರ ಓಟ ಮುಗಿಸಿ ಗೆಳತಿಯರ ಜೊತೆ ಒಂದು ಬೆಣ್ಣೆ ಮಸಾಲೆ, ಒಂದು ಕಾಫಿ ಆದರೆ ಅವತ್ತಿನ ಲೆಕ್ಕ ಮುಗಿಯಿತು.

ಇನ್ನೊಂದು ತೊಂದರೆ ನಾನು ಅನುಭವಿಸಿದ್ದು. ಊಟ ಕಡಿಮೆ ಮಾಡಿ ಬರೀ ಓಡುತ್ತಿದ್ದರೆ, ತೋಳು ಭುಜ ಬೆನ್ನಿನ ಸ್ನಾಯು ಇಟ್ಟುಕೊಳ್ಳಲು ಮೈಗೆ ಕಾರಣವೇ ಇರುವುದಿಲ್ಲ. ಬಳಸದ ಕೋಣೆಗೆ ಬಾಡಿಗೆ ಯಾಕೆ ಅಂತ ಖಾಲಿ ಮಾಡಿಬಿಡುತ್ತದೆ.

ತಪ್ಪಿದ ದಿನದ ಲೆಕ್ಕದಲ್ಲಿ ಮಾತ್ರ ಇದು ಗಟ್ಟಿ. ಎರಡು ದಿನ ತಪ್ಪಿದರೂ ಉಳಿದದ್ದು ದಕ್ಕುತ್ತದೆ.

ಬರೀ ವೇಟ್ಸ್

ಇದರ ಕೆಲಸವೇ ಬೇರೆ. ಇಲ್ಲಿ ಕ್ಯಾಲೊರಿ ಸುಡುವುದು ಕಡಿಮೆ, ಒಂದು ಗಂಟೆಯಲ್ಲಿ ಅರ್ಧ ಹೊತ್ತು ಕೂತು ಸುಧಾರಿಸಿಕೊಳ್ಳುವುದೇ ಆಗುತ್ತದೆ. ಆದರೆ "ಈ ಸ್ನಾಯು ಬೇಕು, ಇಟ್ಟುಕೋ" ಅಂತ ಮೈಗೆ ಹೇಳುವುದು ಇದೊಂದೇ. ಊಟ ಸ್ವಲ್ಪ ಕಡಿಮೆ ಮಾಡಿ, ವಾರಕ್ಕೆ ಎರಡು ಮೂರು ಸಲ ಭಾರ ಎತ್ತಿದರೆ ಇಳಿಯುವ ತೂಕದಲ್ಲಿ ಕೊಬ್ಬಿನ ಪಾಲು ಜಾಸ್ತಿ ಇರುತ್ತದೆ. ಹೊಸಬರಿಗೆ, ಅದರಲ್ಲೂ ಮೈಯಲ್ಲಿ ಕೊಬ್ಬು ಜಾಸ್ತಿ ಇರುವವರಿಗೆ, ಕೊಬ್ಬು ಇಳಿಯುತ್ತಲೇ ಸ್ನಾಯು ಬೆಳೆಯುವುದೂ ಉಂಟು. ಐವತ್ತರ ಹತ್ತಿರದ ಹೆಂಗಸರಿಗೆ ಮೂಳೆ ಗಟ್ಟಿಯಾಗುವುದು ಇನ್ನೊಂದು ಲಾಭ.

ಒಂದು ಸುಳ್ಳನ್ನು ಇಲ್ಲೇ ಒಡೆಯಬೇಕು. "ಮಸಲ್ ಬಂದರೆ ಮಲಗಿದ್ದರೂ ಕೊಬ್ಬು ಕರಗುತ್ತೆ" ಅಂತ ಜಿಮ್‌ನಲ್ಲಿ ಹೇಳುತ್ತಾರಲ್ಲ, ಅದು. ಒಂದು ಕೆಜಿ ಸ್ನಾಯು ಸುಮ್ಮನೆ ಇದ್ದಾಗ ದಿನಕ್ಕೆ ಸುಡುವುದು ಸುಮಾರು 13 ಕ್ಯಾಲೊರಿ. ಎರಡು ಕೆಜಿ ಸ್ನಾಯು ಬೆಳೆಸಲು ತಿಂಗಳುಗಟ್ಟಲೆ ಒದ್ದಾಡಿದರೆ ದಿನಕ್ಕೆ ಸಿಗುವುದು ಒಂದು ಮಾರಿ ಬಿಸ್ಕತ್ತಿನಷ್ಟು. ವೇಟ್ಸ್ ಮಾಡಿ, ಆದರೆ ಈ ಆಸೆಗೆ ಮಾಡಬೇಡಿ. ಸಿಲಿಂಡರ್ ಎತ್ತುವುದಕ್ಕೆ ಮಾಡಿ.

ಕೊರತೆ ಏನು ಅಂದರೆ ಉಸಿರು. ನನ್ನ ತಂಗಿ ಮಗ ಎರಡು ವರ್ಷದಿಂದ ಜಿಮ್‌ಗೆ ಹೋಗುತ್ತಾನೆ, ನೂರು ಕೆಜಿ ನೆಲದಿಂದ ಎತ್ತುತ್ತಾನೆ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವಾಗ ನಂದಿ ಹತ್ತಿರ ಬರುವಷ್ಟರಲ್ಲಿ ಮೂರು ಸಲ ಕೂತ. ಅವನು ಎರಡನೇ ಸಲ ಕೂತಾಗಲೇ ಅವನ ಅಜ್ಜಿ ಮುಂದೆ ಹೋಗಿ ಆಗಿತ್ತು.

ಸೇರಿಸಿದರೆ ಮಸಲ್ ಹೋಗುತ್ತಾ?

ಈ ಭಯ ಎಲ್ಲಿಂದ ಬಂತು ಅಂತ ಹೇಳಿಬಿಡುತ್ತೇನೆ. 1980ರಲ್ಲಿ ಅಮೆರಿಕದ ರಾಬರ್ಟ್ ಹಿಕ್ಸನ್ ಅನ್ನುವವರು ಮೂರು ಗುಂಪು ಮಾಡಿ ಹತ್ತು ವಾರ ನೋಡಿದರು. ಒಂದು ಗುಂಪು ಬರೀ ಭಾರ, ಒಂದು ಬರೀ ಓಟ ಸೈಕಲ್, ಇನ್ನೊಂದು ಎರಡೂ. ಎರಡೂ ಮಾಡಿದವರ ಶಕ್ತಿ ಏಳೆಂಟು ವಾರ ಚೆನ್ನಾಗಿಯೇ ಏರಿತು, ಕೊನೆಯ ಎರಡು ವಾರ ಇಳಿಯಿತು. ಆಗಿನಿಂದ "ಕಾರ್ಡಿಯೋ ಮಾಡಿದ್ರೆ ಮಸಲ್ ಹೋಗುತ್ತೆ" ಅನ್ನುವ ಮಾತು ಜಿಮ್‌ಗಳಲ್ಲಿ ಓಡಾಡುತ್ತಿದೆ.

ಆದರೆ ಅವರು ಮಾಡಿಸಿದ್ದು ಎಷ್ಟು ಅಂತ ನೋಡಿ. ವಾರಕ್ಕೆ ಐದು ದಿನ ಕಾಲಿಗೆ ಭಾರದ ವ್ಯಾಯಾಮ, ಅದರ ಮೇಲೆ ಆರು ದಿನ ದಿನಕ್ಕೆ 40 ನಿಮಿಷ ಮೈ ಬಸಿಯುವಷ್ಟು ಸೈಕಲ್ ಇಲ್ಲವೇ ಓಟ. ನೀವು, ನಾನು ಹಾಗೆ ಮಾಡುತ್ತೇವಾ? ಇತ್ತೀಚೆಗೆ, 2022ರಲ್ಲಿ, ಇಂಥ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದಾಗ ಸ್ನಾಯು ಬೆಳೆಯುವುದಕ್ಕೂ ಗರಿಷ್ಠ ಶಕ್ತಿಗೂ ಕಾರ್ಡಿಯೋದಿಂದ ಅಂಥ ನಷ್ಟ ಕಾಣಲಿಲ್ಲ. ಹಾರುವುದು, ಚಿಮ್ಮುವುದು, ಆ ಥರದ ಸ್ಫೋಟಕ ಶಕ್ತಿ ಮಾತ್ರ ಸ್ವಲ್ಪ ಕುಂದುತ್ತದೆ, ಅದೂ ಎರಡನ್ನೂ ಒಂದೇ ಹೊತ್ತಿನಲ್ಲಿ ಮಾಡಿದಾಗ. ನೀವು ವಾಲಿಬಾಲ್ ಆಡುವವರಾದರೆ ಯೋಚನೆ ಮಾಡಿ. ನಮ್ಮಂಥವರಿಗೆ ಇದು ಭಯಪಡುವ ವಿಷಯವೇ ಅಲ್ಲ.

ಸೇರಿಸಿದರೆ ಲಾಭ ಏನು ಅನ್ನುವುದಕ್ಕೂ ಒಳ್ಳೆಯ ಲೆಕ್ಕ ಇದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ತೂಕ ಜಾಸ್ತಿ ಇದ್ದವರನ್ನು ಎಂಟು ತಿಂಗಳು ನೋಡಿ 2012ರಲ್ಲಿ ಪ್ರಕಟಿಸಿದರು, 119 ಜನ ಕೊನೆ ತನಕ ಉಳಿದಿದ್ದರು. ಬರೀ ಕಾರ್ಡಿಯೋ ಮಾಡಿದವರ ತೂಕ, ಕೊಬ್ಬು ಎರಡೂ ಇಳಿಯಿತು, ಸ್ನಾಯು ಬೆಳೆಯಲಿಲ್ಲ. ಬರೀ ವೇಟ್ಸ್‌ನವರ ಸ್ನಾಯು ಬೆಳೆಯಿತು, ಕೊಬ್ಬು ಹೆಚ್ಚು ಕದಲಲಿಲ್ಲ, ತೂಕ ಸ್ವಲ್ಪ ಏರಿತು. ಎರಡೂ ಮಾಡಿದವರಿಗೆ ಎರಡೂ ಸಿಕ್ಕಿತು. ಆದರೆ ಅವರು ಕೊಟ್ಟ ಸಮಯ ಹೆಚ್ಚೂಕಮ್ಮಿ ಡಬಲ್. ಅಂದರೆ ಸೇರಿಸುವುದರಲ್ಲಿ ಮಂತ್ರ ಇಲ್ಲ, ಎರಡರ ಕೂಲಿಯನ್ನೂ ಕೊಟ್ಟಿದ್ದಾರೆ. ನಮಗಿರುವ ಪ್ರಶ್ನೆ ಆ ಕೂಲಿಯನ್ನು ವಾರದಲ್ಲಿ ಹೇಗೆ ಹಂಚುವುದು ಅನ್ನುವುದು. ಅದಕ್ಕೆ ನಾಲ್ಕು ದಾರಿ.

ದಿನ ಬಿಟ್ಟು ದಿನ

ಸೋಮ ಬುಧ ಶುಕ್ರ ವೇಟ್ಸ್, ಮಂಗಳ ಗುರು ಶನಿ ಕಾರ್ಡಿಯೋ. ದಿನಕ್ಕೆ 40 ನಿಮಿಷ ಸಾಕು. ಪ್ರತಿ ದಿನ ಹೊಸ ಕಾಲಲ್ಲಿ ಮಾಡಿದ ಹಾಗಿರುತ್ತದೆ, ಭಾರ ಎತ್ತುವ ದಿನ ಪೂರ್ತಿ ಶಕ್ತಿ ಸಿಗುತ್ತದೆ. ಓಟ ಚೆನ್ನಾಗಿ ಆಗಬೇಕು, ಮುಂದೆ ಹತ್ತು ಕಿಲೋಮೀಟರ್ ಓಡಬೇಕು ಅನ್ನುವವರಿಗೂ ಇದು ಸರಿ. ದಿನಾ ಅದೇ ಹೊತ್ತಿಗೆ ಎದ್ದು ಹೊರಡುವ ಅಭ್ಯಾಸವೂ ಕೂರುತ್ತದೆ.

ತೊಂದರೆ: ಆರು ದಿನ ಬೇಕು. ಒಂದು ವಾರ ಮಂಗಳವಾರ, ಬುಧವಾರ ಊರಿಗೆ ಹೋದಿರಿ ಅನ್ನಿ. ಒಂದು ವೇಟ್ಸ್ ಹೋಯಿತು, ಒಂದು ಕಾರ್ಡಿಯೋ ಹೋಯಿತು. ವಾಪಸ್ ಬಂದ ಮೇಲೆ ಬುಧವಾರದ್ದನ್ನು ಗುರುವಾರ ಮಾಡಬೇಕಾ, ಬಿಡಬೇಕಾ ಅನ್ನುವ ಗೊಂದಲ. ಹೀಗೆ ಎರಡು ವಾರ ಆದರೆ ಪ್ಲಾನೇ ಮರೆತುಹೋಗುತ್ತದೆ. ಹೊತ್ತು ತಮ್ಮ ಕೈಯಲ್ಲಿ ಇರುವವರಿಗೆ ಇದು ಒಳ್ಳೆಯದು: ಮನೆಯಿಂದ ಕೆಲಸ ಮಾಡುವವರು, ನಿವೃತ್ತರು, ಮಕ್ಕಳು ದೊಡ್ಡವರಾದವರು.

ಒಂದೇ ಹೊತ್ತಿನಲ್ಲಿ ಎರಡೂ

ವಾರಕ್ಕೆ ಮೂರು ದಿನ. ಐದಾರು ನಿಮಿಷ ಮೈ ಬಿಸಿ ಮಾಡಿಕೊಂಡು, 35ರಿಂದ 40 ನಿಮಿಷ ವೇಟ್ಸ್, ಆಮೇಲೆ 20ರಿಂದ 25 ನಿಮಿಷ ಕಾರ್ಡಿಯೋ. ಒಂದು ಗಂಟೆ ಹತ್ತು ನಿಮಿಷ, ವಾರಕ್ಕೆ ಮೂರೂವರೆ ಗಂಟೆ, ಮುಗಿಯಿತು. ಜಿಮ್‌ಗೆ ಹೋಗಿ ಬರುವುದು, ಬಟ್ಟೆ ಬದಲಿಸುವುದು, ಸ್ನಾನ, ಇದೆಲ್ಲ ಆರು ಸಲದ ಬದಲು ಮೂರೇ ಸಲ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಇರುವವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ.

ಯಾವುದು ಮೊದಲು? ವೇಟ್ಸ್ ಮೊದಲು. ನಾನು ಮೊದಲು ಸೇರಿದ ಜಿಮ್‌ನಲ್ಲಿ ಟ್ರೈನರ್ ಹುಡುಗ "ಮೇಡಂ, ಮೊದಲು ಫ್ಯಾಟ್ ಬರ್ನ್ ಮಾಡಿ" ಅಂತ 40 ನಿಮಿಷ ಟ್ರೆಡ್‌ಮಿಲ್ ಹತ್ತಿಸುತ್ತಿದ್ದ. ಇಳಿದು ಬಸ್ಕಿ ಹೊಡೆಯಲು ನಿಂತರೆ ಕಾಲು ನಡುಗುತ್ತಿತ್ತು. ಐದು ಕೆಜಿ ಡಂಬೆಲ್ ಹಿಡಿದು ಮೂರು ತಿಂಗಳು ಅದರಲ್ಲೇ ಇದ್ದೆ. ಬೇರೆ ಜಿಮ್‌ಗೆ ಹೋಗಿ ಕ್ರಮ ತಿರುಗಿಸಿದ ಮೇಲೆ ಎರಡೇ ತಿಂಗಳಲ್ಲಿ ಹನ್ನೆರಡು ಕೆಜಿ ಹಿಡಿದೆ. ಕೊಬ್ಬು ಕರಗುವುದಕ್ಕೆ ಯಾವುದು ಮೊದಲಾದರೂ ಅಂಥ ವ್ಯತ್ಯಾಸ ಇಲ್ಲ, ಕಾಲಿನ ಶಕ್ತಿ ಬೆಳೆಯುವುದಕ್ಕೆ ವ್ಯತ್ಯಾಸ ಇದೆ. ಸುಸ್ತಾದ ಮೈಯಲ್ಲಿ ಭಾರ ಎತ್ತಿದರೆ ಬೆನ್ನು ಬಾಗುತ್ತದೆ, ಪೆಟ್ಟಾಗುವುದೂ ಆಗಲೇ. ಸುಸ್ತಾದ ಮೈಯಲ್ಲಿ ಸೈಕಲ್ ತುಳಿದರೆ ನಿಧಾನ ಆಗುತ್ತದೆ ಅಷ್ಟೇ.

ತಪ್ಪಿದ ದಿನದ ಲೆಕ್ಕ ಇಲ್ಲಿ ಬಹಳ ಚೆನ್ನಾಗಿದೆ. ಮೂರರಲ್ಲಿ ಒಂದು ದಿನ ತಪ್ಪಿದರೂ ಎರಡು ವೇಟ್ಸ್, ಎರಡು ಕಾರ್ಡಿಯೋ ಉಳಿಯುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ, ಜೊತೆಗೆ 150ರಿಂದ 300 ನಿಮಿಷ ಮಧ್ಯಮ ಕಾರ್ಡಿಯೋ ಅಥವಾ 75ರಿಂದ 150 ನಿಮಿಷ ಜೋರಿನದು. ಮೊದಲನೆಯದು ಕೆಟ್ಟ ವಾರದಲ್ಲೂ ಪೂರ್ತಿ ಆಗುತ್ತದೆ. ಎರಡನೆಯದರಲ್ಲಿ ಕೊರತೆ ಬಿದ್ದದ್ದನ್ನು ನಡಿಗೆಯಲ್ಲಿ ತುಂಬಿಸಿಕೊಳ್ಳಬಹುದು.

ಬೆಳಗ್ಗೆ ಒಂದು, ಸಂಜೆ ಒಂದು ಅಂತ ಮಾಡುವವರೂ ಇದ್ದಾರೆ. ಆಗುವುದಾದರೆ ಮಾಡಿ, ನಡುವೆ ಆರು ಗಂಟೆ ಬಿಡುವಿದ್ದರೆ ಒಳ್ಳೆಯದು. ನನಗೆ ದಿನಕ್ಕೆ ಎರಡು ಸಲ ತಲೆ ಒಣಗಿಸಲು ಪುರುಸೊತ್ತಿಲ್ಲ.

ಸರ್ಕಿಟ್, ಎಚ್‌ಐಐಟಿ, ಬ್ಯಾಚ್ ಕ್ಲಾಸುಗಳು

ಸರ್ಕಿಟ್ ಅಂದರೆ ಒಂದಾದ ಮೇಲೊಂದು ವ್ಯಾಯಾಮವನ್ನು ಹೆಚ್ಚು ಬಿಡುವಿಲ್ಲದೆ ಸುತ್ತು ಹಾಕುವುದು, ಎಚ್‌ಐಐಟಿ ಅಂದರೆ ಸ್ವಲ್ಪ ಹೊತ್ತು ಬಹಳ ಜೋರಾಗಿ ಮಾಡಿ, ಸ್ವಲ್ಪ ಬಿಡುವು ಕೊಟ್ಟು, ಮತ್ತೆ ಜೋರಾಗಿ ಮಾಡುವುದು. ಇದನ್ನು ಮಾರುವವರು ಹೇಳುವುದು: ಅರ್ಧ ಗಂಟೆಯಲ್ಲಿ ಕಾರ್ಡಿಯೋನೂ ಆಯಿತು, ಸ್ಟ್ರೆಂತೂ ಆಯಿತು. ಹಾಡು ಜೋರಾಗಿರುತ್ತದೆ, ಹತ್ತು ಜನ ಜೊತೆಗಿರುತ್ತಾರೆ, ಬೆವರು ನೆಲಕ್ಕೆ ತೊಟ್ಟಿಕ್ಕುತ್ತದೆ. ಒಂಟಿಯಾಗಿ ಮಾಡಿದರೆ ಬೇಜಾರಾಗುವವರಿಗೆ ಇದರ ಮಜಾ ನಿಜ, ಅದನ್ನು ಕಡೆಗಣಿಸಲ್ಲ.

ಆದರೆ ಒಂದು ಪರೀಕ್ಷೆ ಇದೆ. ಒಂದು ಸುತ್ತು ನಿಲ್ಲಿಸುವಾಗ ಮೊದಲು ಸೋತದ್ದು ಉಸಿರಾ, ತೋಳಾ? ಉಸಿರು ಸೋತಿದ್ದರೆ ನೀವು ಮಾಡಿದ್ದು ಕಾರ್ಡಿಯೋ, ಕೈಯಲ್ಲಿ ಡಂಬೆಲ್ ಇದ್ದರೂ ಅಷ್ಟೇ. ಉಸಿರು ಆರಾಮಾಗಿದ್ದು ತೋಳು ಸೋತಿದ್ದರೆ ಅದು ಸ್ಟ್ರೆಂತ್. ಹೆಚ್ಚಿನ ಬ್ಯಾಚ್‌ಗಳಲ್ಲಿ ಎರಡು ಮೂರು ಕೆಜಿ ಭಾರ, ವೇಗ ಜಾಸ್ತಿ, ಬಿಡುವು ಕಡಿಮೆ. ಮೊದಲ ಎರಡು ತಿಂಗಳು ಹೊಸಬರಿಗೆ ಎರಡೂ ಸಿಗುತ್ತದೆ, ಆಮೇಲೆ ಸ್ನಾಯು ಅಲ್ಲಿಗೇ ನಿಲ್ಲುತ್ತದೆ, ಯಾಕೆಂದರೆ ಭಾರ ಏರುವುದೇ ಇಲ್ಲ. ಗರಡಿಮನೆ ಉಸ್ತಾದರು ಬರೀ ದಂಡ ಬಸ್ಕಿಗೆ ನಿಲ್ಲಿಸದೆ ಗದೆ ಕೊಡುತ್ತಿದ್ದರು, ಕುಸ್ತಿಯ ಅಖಾಡಕ್ಕೆ ಇಳಿಸಿ ಎದುರಾಳಿಯ ತೂಕವನ್ನೇ ಎತ್ತಿಸುತ್ತಿದ್ದರು. ಅವರಿಗೆ ಇದು ಗೊತ್ತಿತ್ತು ಅನ್ನಿಸುತ್ತದೆ.

"ನಾಲ್ಕು ನಿಮಿಷದ ತಬಾತ" ಅಂತ ಬೋರ್ಡು ಹಾಕಿರುತ್ತಾರಲ್ಲ, ಅದರ ಮೂಲವನ್ನೂ ಹೇಳಿಬಿಡುತ್ತೇನೆ. ಜಪಾನಿನ ಇಜುಮಿ ತಬಾತ 1996ರಲ್ಲಿ ಪ್ರಕಟಿಸಿದ ಪ್ರಯೋಗ ಅದು. 20 ಸೆಕೆಂಡ್ ಸೈಕಲ್, 10 ಸೆಕೆಂಡ್ ಬಿಡುವು, ಏಳೆಂಟು ಸಲ. ಕೊನೆ ಸುತ್ತಿಗೆ ಪೆಡಲ್ ತಿರುಗದೆ ನಿಲ್ಲುವಷ್ಟು ಜೋರು. ನಾಲ್ಕು ನಿಮಿಷ ಆದ ಮೇಲೂ "ಇನ್ನೊಂದು ಸುತ್ತು ಹಾಕೋಣ" ಅನ್ನಿಸಿದರೆ ಅದು ತಬಾತ ಅಲ್ಲ. ಇಂಥದ್ದನ್ನು ಮಾಡಿದ ಮೇಲೆ ಗಂಟೆಗಟ್ಟಲೆ ಕ್ಯಾಲೊರಿ ಸುಡುತ್ತಲೇ ಇರುತ್ತದೆ ಅನ್ನುವುದೂ ಉಬ್ಬಿಸಿದ ಮಾತು, ಸಿಗುವುದು ಬಹಳ ಕಡಿಮೆ. ಬಿಪಿ ಇದ್ದವರು, ಹೃದಯದ ತೊಂದರೆ ಇದ್ದವರು, ವರ್ಷಗಟ್ಟಲೆ ಏನೂ ಮಾಡದವರು ಡಾಕ್ಟರನ್ನು ಕೇಳದೆ ಇದರಿಂದ ಶುರು ಮಾಡಬೇಡಿ. ಮಂಡಿ ನೋವಿದ್ದವರು ಆ ಹಾರಾಟ ಬಿಡಿ.

ವೇಟ್ಸ್ ಎರಡು ದಿನ, ಉಳಿದದ್ದೆಲ್ಲ ನಡಿಗೆ

ಇದಕ್ಕೆ ಯಾರೂ ಬೋರ್ಡು ಹಾಕುವುದಿಲ್ಲ, ಮಾರಲು ಏನೂ ಇಲ್ಲವಲ್ಲ. ನನ್ನ ಓಟು ಇದಕ್ಕೇ. ವಾರಕ್ಕೆ ಎರಡು ದಿನ, ಮುಕ್ಕಾಲು ಗಂಟೆ ಗಟ್ಟಿಯಾಗಿ ವೇಟ್ಸ್. ಉಳಿದ ದಿನ ಬಿರುಸಾಗಿ ನಡಿಗೆ, ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ. ಅರ್ಧ ಗಂಟೆ ಒಟ್ಟಿಗೇ ಆಗಬೇಕು ಅಂತಿಲ್ಲ. ಊಟ ಆದ ಮೇಲೆ ಹತ್ತು ಹದಿನೈದು ನಿಮಿಷ ನಡೆದರೆ ಷುಗರಿಗೂ ಒಳ್ಳೆಯದು.

ನಡಿಗೆಯಲ್ಲಿ ಕಿಲೋಮೀಟರಿಗೆ ಸುಡುವ ಕ್ಯಾಲೊರಿ ಓಟಕ್ಕಿಂತ ಕಡಿಮೆ, ಸರಿಸುಮಾರು ಅರ್ಧ ಅನ್ನಿ. ಆದರೆ ನಡಿಗೆಗೆ ಮೈ ಸೋಲುವುದಿಲ್ಲ, ಹಸಿವು ಕೆರಳುವುದಿಲ್ಲ, ಮಾರನೇ ದಿನ ಬಸ್ಕಿ ಹೊಡೆಯಲು ಕಾಲು ಬರುತ್ತದೆ. ಓಟದವರಿಗೆ ಮಂಡಿ ಹಿಡಿದು ಎರಡು ವಾರ ಕೂರುವುದು ಇರುತ್ತದೆ, ನಡೆಯುವವರಿಗೆ ಅದು ಅಪರೂಪ. ಮಳೆಗಾಲದಲ್ಲಿ ಮನೆ ಮೆಟ್ಟಿಲು ಹತ್ತಿ ಇಳಿದರೂ ಆಯಿತು. ತಪ್ಪಿದ ವಾರದಲ್ಲೂ ಒಂದು ವೇಟ್ಸ್, ಒಂದಷ್ಟು ನಡಿಗೆ ಉಳಿದೇ ಉಳಿಯುತ್ತದೆ, ಮುಂದಿನ ವಾರ ಮತ್ತೆ ಹಿಡಿಯುವುದು ಕಷ್ಟ ಅನ್ನಿಸುವುದಿಲ್ಲ.

ಒಂದೇ ಕೊರತೆ, ಎದೆ ಬಡಿತ ಜೋರಾಗುವ ಕೆಲಸ ಇದರಲ್ಲಿ ಕಡಿಮೆ. ಮೂರು ತಿಂಗಳಾದ ಮೇಲೆ ವಾರಕ್ಕೊಂದು ದಿನ ಏರು ಹತ್ತುವುದೋ, ಮೆಟ್ಟಿಲೋ, ಸೈಕಲ್ಲೋ ಸೇರಿಸಿಕೊಳ್ಳಿ.

ದುಡ್ಡು

ಜಿಮ್ ಇಲ್ಲದೆ ಆಗುತ್ತದಾ? ಆರು ತಿಂಗಳು ಆರಾಮಾಗಿ ಆಗುತ್ತದೆ. ಬೇಕಿರುವುದು ಐದು ಚಲನೆ: ಕೂತು ಏಳುವುದು, ಸೊಂಟದಿಂದ ಬಾಗಿ ನೆಲದಿಂದ ಎತ್ತುವುದು, ಎದೆಯಿಂದ ತಳ್ಳುವುದು, ತನ್ನ ಕಡೆಗೆ ಎಳೆಯುವುದು, ತಲೆ ಮೇಲೆ ಎತ್ತುವುದು. 20 ಲೀಟರ್ ನೀರಿನ ಕ್ಯಾನ್ ತುಂಬಿದರೆ 20 ಕೆಜಿ, ಅರ್ಧ ತುಂಬಿದರೆ ಹತ್ತು, ಇದಕ್ಕಿಂತ ಒಳ್ಳೆಯ ಡಂಬೆಲ್ ಯಾವುದು? ಮಗನ ಸ್ಕೂಲ್ ಬ್ಯಾಗಿಗೆ ಪುಸ್ತಕ ತುಂಬಿ ಬೆನ್ನಿಗೆ ಹಾಕಿಕೊಂಡರೆ ಬಸ್ಕಿ ಭಾರ ಆಗುತ್ತದೆ. ಎಳೆಯುವುದಕ್ಕೆ ಮಾತ್ರ ಒಂದು ರಬ್ಬರ್ ಬ್ಯಾಂಡ್ ತಗೊಳ್ಳಿ, ಮನೆಯಲ್ಲಿ ಅದಕ್ಕೆ ಸರಿಯಾದ ಬದಲಿ ಇಲ್ಲ. ಎಂಟರಿಂದ ಹನ್ನೆರಡು ಸಲ, ಎರಡು ಮೂರು ಸುತ್ತು, ಕೊನೆಯ ಎರಡು ಸಲ ಮುಖ ಹಿಂಡಬೇಕು. ಹನ್ನೆರಡು ಸುಲಭ ಆದ ದಿನ ಭಾರ ಏರಿಸಿ. ಬರೆದಿಟ್ಟುಕೊಳ್ಳಿ, ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಬರೆದರೂ ಸರಿ.

ಮನೆಯ ಭಾರ ಸಾಲದಾದಾಗ ಜಿಮ್ ಸೇರಿ. ಹತ್ತಿರದ ಸಾಧಾರಣ ಜಿಮ್ ಸಾಕು. ಎಸಿ ಬೇಡ, ಸಾಲುಸಾಲು ಟ್ರೆಡ್‌ಮಿಲ್ ಬೇಡ, ರಾಡು, ಪ್ಲೇಟು, ಡಂಬೆಲ್ ಇರಬೇಕು. ವರ್ಷದ ಆಫರ್ ಕೊಟ್ಟರೂ ಮೊದಲು ಒಂದು ತಿಂಗಳದ್ದೇ ಕಟ್ಟಿ. ಕೈಯಲ್ಲಿ ಒಂದಿಷ್ಟು ದುಡ್ಡಿದ್ದರೆ ಅದನ್ನು ತಿಳಿದ ಟ್ರೈನರ್ ಹತ್ತಿರ ಹತ್ತು ಕ್ಲಾಸು ಎತ್ತುವ ಕ್ರಮ ಕಲಿಯಲು ಹಾಕಿ, ಫ್ಯಾಟ್ ಬರ್ನರ್ ಡಬ್ಬಿಗೆ ಹಾಕಬೇಡಿ.

ತಟ್ಟೆ

ಇದನ್ನು ಉದ್ದ ಎಳೆಯುವುದಿಲ್ಲ. ಮೇಲಿನ ಯಾವ ಪ್ಲಾನ್ ಹಿಡಿದರೂ ಕೊಬ್ಬು ಇಳಿಯುವುದನ್ನು ತೀರ್ಮಾನ ಮಾಡುವುದು ಅಡುಗೆಮನೆ. ದಿನಕ್ಕೆ 300ರಿಂದ 500 ಕ್ಯಾಲೊರಿ ಕಡಿಮೆ ಸಾಕು, ಉಪವಾಸ ಬೇಡ. ಪ್ರೋಟೀನ್ ಮಾತ್ರ ಬಿಡಬೇಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿದ್ದು ಮೈತೂಕದ ಕೆಜಿಗೆ ದಿನಕ್ಕೆ 0.83 ಗ್ರಾಂ, ಅದು ಸಾಮಾನ್ಯ ಆರೋಗ್ಯಕ್ಕೆ. ಭಾರ ಎತ್ತುವವರಿಗೆ 1.2ರಿಂದ 1.6 ಬೇಕಾಗುತ್ತದೆ. 65 ಕೆಜಿಯವರಿಗೆ 78ರಿಂದ 104 ಗ್ರಾಂ.

ಮುದ್ದೆ, ಅನ್ನ, ತಿಳಿಸಾರಿನಲ್ಲಿ ಅಷ್ಟು ಬರುವುದಿಲ್ಲ, ನಾವೇ ಸೇರಿಸಬೇಕು. ಮೂರು ಮೊಟ್ಟೆಗೆ 18 ಗ್ರಾಂ, 50 ಗ್ರಾಂ ಒಣ ಸೋಯಾ ಚಂಕ್ಸ್‌ಗೆ 26 ಗ್ರಾಂ, 100 ಗ್ರಾಂ ಪನೀರಿಗೆ ಸುಮಾರು 18. ಹುರುಳಿ, ಅಲಸಂದೆ, ಹೆಸರುಕಾಳು ಸಾರಿನಲ್ಲಿ ತೇಲದೆ ತಟ್ಟೆಯಲ್ಲಿ ಕಾಣುವಷ್ಟು ಇರಲಿ. ಕಿಡ್ನಿ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಪ್ರೋಟೀನ್ ಏರಿಸಬೇಡಿ. ಇನ್ಸುಲಿನ್ ತಗೊಳ್ಳುವವರು, ಕೆಲವು ಥರದ ಷುಗರ್ ಮಾತ್ರೆ ತಗೊಳ್ಳುವವರು ವ್ಯಾಯಾಮ ಮಾಡುವಾಗ ಷುಗರ್ ಇಳಿಯಬಹುದು, ಜೇಬಲ್ಲಿ ಏನಾದರೂ ಸಿಹಿ ಇರಲಿ.

ಯಾರಿಗೆ ಯಾವುದು

ಕೈಕಾಲು ಸಣ್ಣ, ಹೊಟ್ಟೆ ಇದೆ, ವಯಸ್ಸು ಇಪ್ಪತ್ತರ ಆಸುಪಾಸು: ಮೂರು ದಿನ ವೇಟ್ಸ್, ಕೊನೆಗೆ 15 ನಿಮಿಷ ಕಾರ್ಡಿಯೋ. ತೂಕ ಇಳಿಸುವ ಯೋಚನೆಯನ್ನೇ ಬಿಡಿ, ಹೊಟ್ಟೆ ತುಂಬಾ ಪ್ರೋಟೀನ್ ಇರುವ ಊಟ ಮಾಡಿ.

ಮೂವತ್ತೈದು ದಾಟಿದೆ, ದಿನಕ್ಕೆ ಎರಡು ಗಂಟೆ ಬಸ್ಸು ಕಾರಿನಲ್ಲೇ ಹೋಗುತ್ತದೆ: ಒಂದೇ ಹೊತ್ತಿನಲ್ಲಿ ಎರಡೂ, ಎರಡು ದಿನ ವಾರದ ನಡುವೆ, ಒಂದು ದಿನ ಶನಿವಾರವೋ ಭಾನುವಾರವೋ. ವಾರದ ನಡುವಿನ ಒಂದು ದಿನ ತಪ್ಪಿದರೂ ಶನಿವಾರದ್ದನ್ನು ಬಿಡಬೇಡಿ.

ತೂಕ ಬಹಳ ಇದೆ, ಮಂಡಿ ನೋವಿದೆ: ಎರಡು ದಿನ ವೇಟ್ಸ್, ಉಳಿದದ್ದು ನಡಿಗೆ, ನಡೆದರೂ ನೋವಾದರೆ ಸೈಕಲ್ ಅಥವಾ ಈಜು. ಬಸ್ಕಿ ಬೇಡ ಅಂತ ಹೆದರಿಸುತ್ತಾರೆ, ಕುರ್ಚಿಯಿಂದ ಎದ್ದು ಕೂರುವುದರಿಂದ ಶುರು ಮಾಡಿ. ಪಕ್ಕದ ಮನೆ ಆಂಟಿ, 58 ವರ್ಷ, ಹಾಗೇ ಶುರು ಮಾಡಿದ್ದು. ಮೊದಲ ದಿನ ಕುರ್ಚಿಯ ಎರಡೂ ಕೈ ಹಿಡಿದು ಆರು ಸಲ ಎದ್ದರು. ಈಗ ಎದೆಗೆ ಐದು ಕೆಜಿ ಅಕ್ಕಿ ಚೀಲ ಅಪ್ಪಿಕೊಂಡು ಹನ್ನೆರಡು ಸಲ ಏಳುತ್ತಾರೆ, ನಡುವೆ ಕುಕ್ಕರ್ ಎಷ್ಟು ಕೂಗಿತು ಅಂತ ನನ್ನನ್ನೇ ಕೇಳುತ್ತಾರೆ.

ಓಟ ಅಂದರೆ ಪ್ರಾಣ, ಅದು ಬಿಟ್ಟರೆ ಬದುಕಿಲ್ಲ: ದಿನ ಬಿಟ್ಟು ದಿನ ಮಾಡಿ. ವಾರಕ್ಕೆ ಎರಡು ವೇಟ್ಸ್ ಆದರೂ ಇರಲಿ, ಉದ್ದದ ಓಟದ ಹಿಂದಿನ ದಿನ ಕಾಲಿನದ್ದು ಇಟ್ಟುಕೊಳ್ಳಬೇಡಿ.

ಒಬ್ಬರೇ ಮಾಡಲು ಆಗುವುದೇ ಇಲ್ಲ, ಜೊತೆ ಬೇಕು: ಬ್ಯಾಚ್ ಕ್ಲಾಸಿಗೇ ಹೋಗಿ, ಆದರೆ ವಾರಕ್ಕೊಂದು ದಿನ ನಿಧಾನವಾಗಿ, ಭಾರವಾಗಿ ಎತ್ತುವುದನ್ನು ಸೇರಿಸಿ.

ಕೆಲಸ ಆಗುತ್ತಿದೆಯಾ ಅಂತ ನೋಡುವುದು ಹೇಗೆ

ಮೊದಲ ಐದಾರು ವಾರ ಶಕ್ತಿ ಏರುತ್ತದೆ, ಕಣ್ಣಿಗೆ ಏನೂ ಕಾಣುವುದಿಲ್ಲ. ಕನ್ನಡಿಯಲ್ಲಿ ಕಾಣಲು ಎರಡು ಮೂರು ತಿಂಗಳು ಬೇಕು. ಕೊಬ್ಬು ಎಷ್ಟು ಪರ್ಸೆಂಟ್ ಅಂತ ತೋರಿಸುವ ತೂಕದ ಮಷೀನು ನೀರು ಕುಡಿದರೆ ಒಂದು ಹೇಳುತ್ತದೆ, ಬೆವರಿದರೆ ಇನ್ನೊಂದು ಹೇಳುತ್ತದೆ, ಅದರ ಮೇಲೆ ತಲೆ ಕೆಡಿಸಿಕೊಳ್ಳಬೇಡಿ. ಎಕ್ಸ್-ರೇಯಿಂದ ಕೊಬ್ಬು, ಸ್ನಾಯು, ಮೂಳೆ ಬೇರೆ ಬೇರೆ ಅಳೆಯುವ ಡೆಕ್ಸಾ ಸ್ಕ್ಯಾನ್ ಒಳ್ಳೆಯದೇ, ಆದರೆ ಅಷ್ಟು ಖರ್ಚು ಬೇಕಿಲ್ಲ. ಕಡಿಮೆ ಬೆಲೆಯ ಟೈಲರ್ ಟೇಪ್ ಸಾಕು. ನಾಲ್ಕು ವಾರಕ್ಕೊಮ್ಮೆ, ಬೆಳಗ್ಗೆ ಎದ್ದು, ಏನೂ ತಿನ್ನದೆ, ಹೊಟ್ಟೆ ಒಳಗೆ ಎಳೆದುಕೊಳ್ಳದೆ, ಉಸಿರು ಬಿಟ್ಟು, ಹೊಕ್ಕಳಿನ ನೇರಕ್ಕೆ ಒಂದು ಅಳತೆ, ತೋಳಿಗೆ ಒಂದು ಅಳತೆ. ಜೊತೆಗೆ ಬಸ್ಕಿಗೆ ಎಷ್ಟು ಭಾರ ಹಿಡಿದಿರಿ ಅನ್ನುವುದು.

ಹೊಟ್ಟೆ ಇಳಿದು, ತೋಳು ಹಾಗೇ ಇದ್ದು, ಭಾರ ಏರುತ್ತಿದ್ದರೆ ತೂಕ ಕದಲದಿದ್ದರೂ ಏನನ್ನೂ ಬದಲಿಸಬೇಡಿ. ಹೊಟ್ಟೆಯೂ ತೋಳೂ ಎರಡೂ ಇಳಿಯುತ್ತಿದ್ದರೆ ಊಟ ಬಹಳ ಕಡಿಮೆ ಆಗಿದೆ, ಇಲ್ಲವೇ ಕಾರ್ಡಿಯೋ ಜಾಸ್ತಿ ಆಗಿದೆ. ಎರಡು ಸಲ ಅಳೆದಾಗಲೂ ಏನೂ ಕದಲಿಲ್ಲ ಅಂದರೆ ಮೊದಲು ತಟ್ಟೆ ನೋಡಿ, ಆಮೇಲೆ ಎಷ್ಟು ದಿನ ತಪ್ಪಿಸಿದಿರಿ ಅಂತ ಕ್ಯಾಲೆಂಡರ್ ನೋಡಿ. ಪ್ಲಾನ್ ಬದಲಿಸುವ ಮಾತು ಅದಾದ ಮೇಲೆ.